ಹೊಕ್ಕುಳಬಳ್ಳಿಯ ರಕ್ತ: ಬೆಳೆಸಿದ ಕೋಶ ಯಾರಿಗೆ?

ಪ್ರಶ್ನೆ: ತಮ್ಮನಿಗೆ ರಕ್ತದ ಕ್ಯಾನ್ಸರ್. ಪ್ರಾಯ 34, ತೂಕ 70 ಕೆ.ಜಿ. ಪೂರ್ತಿ ಹೊಂದುವ ದಾನಿ ಸಿಕ್ಕಿಲ್ಲ. ಹೊಕ್ಕುಳಬಳ್ಳಿ ರಕ್ತದ ಕಸಿ ದೊಡ್ಡವರಿಗೆ ಸಾಲದಂತೆ. ಲ್ಯಾಬಿನಲ್ಲಿ ಹೆಚ್ಚಿಸಲು ಬರುವುದಿಲ್ಲವೇ?
– ಓದುಗರು, ಶಿವಮೊಗ್ಗ

ಉತ್ತರ: ಕಸಿಗೆ ಬೇಕಾದ ಕೋಶಗಳನ್ನು ರೋಗಿಯ ತೂಕ ನೋಡಿ ಲೆಕ್ಕ ಹಾಕುತ್ತಾರೆ. ಕೆ.ಜಿ.ಗೆ ಎರಡೂವರೆ ಕೋಟಿ ಎಂದರೂ ನಿಮ್ಮ ತಮ್ಮನಿಗೆ 175 ಕೋಟಿ ಬೇಕು. ಒಂದು ಹೆರಿಗೆಯಲ್ಲಿ ಸಿಗುವ ರಕ್ತ ಸುಮಾರು 100 ಮಿ.ಲೀ. ಅಷ್ಟೇ; ಅದರಲ್ಲಿ ಇಷ್ಟು ಕೋಶ ಸಾಮಾನ್ಯವಾಗಿ ಇರುವುದಿಲ್ಲ. 1988ರಲ್ಲಿ ಪ್ಯಾರಿಸ್ಸಿನಲ್ಲಿ ಎಲಿಯಾನ್ ಗ್ಲುಕ್‌ಮನ್ ತಂಡ ಮಾಡಿದ ಮೊದಲ ಕಸಿಯೂ ಪುಟ್ಟ ಹುಡುಗನಿಗೇ. ಕೋಶ ಕಡಿಮೆಯಾದರೆ ಹೊಸ ಬಿಳಿ ರಕ್ತಕಣ ಮೂಡುವುದು ತಡವಾಗುತ್ತದೆ. ಆ ದಿನಗಳಲ್ಲಿ ತಗಲುವ ಸೋಂಕು ಪ್ರಾಣಕ್ಕೇ ಕುತ್ತು.

ಲ್ಯಾಬಿನಲ್ಲಿ ಸಂಖ್ಯೆ ಹೆಚ್ಚಿಸುವುದು ಕಷ್ಟವಲ್ಲ. ಆದರೆ ರಕ್ತಕಣಗಳನ್ನು ಹುಟ್ಟಿಸುವ ಆಕರಕೋಶಗಳು (ಸ್ಟೆಮ್ ಸೆಲ್) ಹೆಚ್ಚುತ್ತಲೇ ಮಾಮೂಲಿ ರಕ್ತಕಣಗಳಾಗಿ ಬಲಿತುಬಿಡುತ್ತವೆ. ಬಿತ್ತನೆ ಬೀಜವೆಲ್ಲ ಕಣಜದಲ್ಲೇ ಮೊಳೆತಂತೆ. ಇಸ್ರೇಲಿನ ಗಮಿಡಾ ಸೆಲ್ ಕಂಪನಿ ಬಿ3 ಜೀವಸತ್ವದ ಒಂದು ರೂಪವಾದ ನಿಕೋಟಿನಮೈಡ್ ಬೆರೆಸಿ, ಸುಮಾರು ಮೂರು ವಾರ ಕೋಶ ಬೆಳೆಸಿ, ಈ ಬಲಿಯುವಿಕೆಗೆ ತಡೆಯೊಡ್ಡಿತು. 125 ರೋಗಿಗಳ ಪ್ರಯೋಗದಲ್ಲಿ ಮಾಮೂಲಿ ಕಸಿಗೆ 22 ದಿನ ಹಿಡಿದ ನ್ಯೂಟ್ರೋಫಿಲ್ (ಸೋಂಕಿನೊಡನೆ ಹೋರಾಡುವ ಬಿಳಿ ರಕ್ತಕಣ) ಚೇತರಿಕೆ ಇದರಲ್ಲಿ 12 ದಿನಕ್ಕೇ ಆಯಿತು. 2023ರ ಏಪ್ರಿಲ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟಿತು.

ಅದಕ್ಕಾಗಿ ಕಾಯುತ್ತ ಕೂರಬೇಡಿ. ಅರ್ಧ ಹೊಂದುವ ದಾನಿಯಿಂದಲೂ ಈಗ ಅಸ್ಥಿಮಜ್ಜೆ ಕಸಿ ನಡೆಯುತ್ತದೆ. ಹೆತ್ತವರು, ಒಡಹುಟ್ಟಿದವರು, ಎಲ್ಲರೂ ಹೊಂದಾಣಿಕೆ ನೋಡುವ ಎಚ್‌ಎಲ್‌ಎ ಪರೀಕ್ಷೆ ಮಾಡಿಸಿಕೊಳ್ಳಿ.

ಪ್ರಶ್ನೆ: ನನಗೀಗ ಏಳು ತಿಂಗಳು. ಮಗುವಿನ ಹೊಕ್ಕುಳಬಳ್ಳಿ ರಕ್ತ ಕೂಡಿಡಿ, ಸ್ವಲ್ಪವಿದ್ದರೂ ಮುಂದೆ ಬೆಳೆಸಿಕೊಳ್ಳಬಹುದು ಎಂದು ಖಾಸಗಿ ಬ್ಯಾಂಕಿನವರು ಬೆನ್ನು ಹತ್ತಿದ್ದಾರೆ. ಏನು ಮಾಡಲಿ?
– ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ಒಪ್ಪಬೇಡಿ, ತಾಯಿ. ಮೇಲೆ ಹೇಳಿದ ಚಿಕಿತ್ಸೆಗೆ ಬಳಸುವುದು ಬೇರೆ ಮಗುವಿನ ರಕ್ತ, ರೋಗಿಯದೇ ರಕ್ತವಲ್ಲ. ನಿಮ್ಮ ಮಗುವಿಗೆ ಥಲಸ್ಸೇಮಿಯಾ ಇದ್ದರೆ ಅದೇ ದೋಷ ಕೂಡಿಟ್ಟ ರಕ್ತದಲ್ಲೂ ಇರುತ್ತದೆ. ಎಷ್ಟು ಬೆಳೆಸಿದರೂ ದೋಷವೇ ಬೆಳೆದೀತು. ಮಗುವಿನ ಮುಂದಿನ ಬಳಕೆಗೆಂದು ಹೀಗೆ ಕೂಡಿಡುವುದನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಕೂಡ ಶಿಫಾರಸು ಮಾಡುವುದಿಲ್ಲ.

ಮನೆಯಲ್ಲಿ ಮೊದಲ ಮಗುವಿಗೆ ಕಸಿ ಬೇಕಾದ ಕಾಯಿಲೆಯಿದ್ದರೆ ಮಾತು ಬೇರೆ. ಆಗ ಹುಟ್ಟುವ ತಮ್ಮನದೋ ತಂಗಿಯದೋ ರಕ್ತ ನೆರವಾಗಬಹುದು. ರಕ್ತರೋಗ ತಜ್ಞರನ್ನು ಈಗಲೇ ಕಾಣಿ. ಇಲ್ಲವಾದರೆ, ಬಳ್ಳಿ ಕತ್ತರಿಸುವ ಮುನ್ನ ಒಂದು ನಿಮಿಷವಾದರೂ ತಡೆಯುವಂತೆ ವೈದ್ಯರನ್ನು ಕೇಳಿ. ಆ ರಕ್ತ ಮಗುವಿನ ಮೈಗೇ ಸೇರಿ ಕಬ್ಬಿಣಾಂಶ ಹೆಚ್ಚುತ್ತದೆ. ಅದಕ್ಕೆ ಬಿಡಿಗಾಸಿನ ಖರ್ಚೂ ಇಲ್ಲ.