ಸನ್‌ರೂಫ್ ಸೋರಿದರೆ ಗಾಜಿನ ಸುತ್ತ ಸಿಲಿಕೋನ್ ಬಳಿಯಬೇಡಿ

ಸಂತೇಬೆನ್ನೂರು, ಚನ್ನಗಿರಿ ಕಡೆಯ ತೋಟದ ಮನೆಗಳ ಅಂಗಳದಲ್ಲಿ ಈಗ ಸನ್‌ರೂಫ್ ಇರುವ ದೊಡ್ಡ ಎಸ್‌ಯುವಿಗಳು ಸಾಕಷ್ಟು ಕಾಣಸಿಗುತ್ತವೆ. ಮುಂಗಾರು ಹಿಡಿದು ನಾಲ್ಕು ದಿನ ಕಳೆಯುವಷ್ಟರಲ್ಲಿ ಕೆಲವರಿಗೆ ತಲೆನೋವು ಶುರುವಾಗುತ್ತದೆ. ಚಾವಣಿಯ ಬಟ್ಟೆಯಲ್ಲಿ ಕಂದು ಕಲೆ, ಕಾಲಡಿಯ ಕಾರ್ಪೆಟ್ ಒದ್ದೆ, ಬಾಗಿಲು ತೆಗೆದರೆ ಮುಗ್ಗಲು ವಾಸನೆ. ಬ್ರೇಕ್ ಒತ್ತಿದರೆ ಮೇಲಿನ ಲೈಟಿನ ಸಂದಿಯಿಂದ ಮಡಿಲಿಗೆ ನೀರು. ಗಾಜಿನ ಬೀಡಿಂಗ್ ಹೋಗಿದೆ ಎಂದುಕೊಂಡು ಸುತ್ತಲೂ ಸಿಲಿಕೋನ್ ಬಳಿಸುವವರು ಬಹಳ. ಅದರಿಂದ ಸೋರಿಕೆ ನಿಲ್ಲುವುದು ಅಪರೂಪ. ಗಾಜು ಮಾತ್ರ ಸರಿಯಾಗಿ ತೆರೆಯದಂತಾಗುತ್ತದೆ.

ಸನ್‌ರೂಫಿನ ರಬ್ಬರ್ ಮಳೆಯನ್ನು ಪೂರ್ತಿ ತಡೆಯಲೆಂದು ಇರುವುದೇ ಅಲ್ಲ. ಬಹುಪಾಲು ನೀರನ್ನು ಅದು ಹೊರಗೇ ಜಾರಿಸುತ್ತದೆ. ಉಳಿದದ್ದು ಒಳಗೆ ಇಳಿಯುತ್ತದೆ, ಇಳಿಯಲೆಂದೇ ಗಾಜಿನ ಕೆಳಗೆ ಸುತ್ತಲೂ ಒಂದು ಟ್ರೇ ಇದೆ. ಟ್ರೇಯ ಮೂಲೆಗಳಲ್ಲಿ ತೂತುಗಳು, ಸಾಮಾನ್ಯವಾಗಿ ನಾಲ್ಕು. ಅಲ್ಲಿಂದ ಕಿರುಬೆರಳಿಗಿಂತ ಸಣ್ಣ ಪೈಪುಗಳು ಹೊರಡುತ್ತವೆ. ಮುಂದಿನವು ಮುಂಗಾಜಿನ ಪಕ್ಕದ ಕಂಬದೊಳಗೆ ಇಳಿದು ಬಾಗಿಲಿನ ಕೀಲಿನ ಹತ್ತಿರವೋ ಮಡ್‌ಗಾರ್ಡಿನ ಒಳಗೋ ನೀರು ಬಿಡುತ್ತವೆ. ಹಿಂದಿನವು ಹಿಂಬದಿಯ ಕಂಬದೊಳಗಿಂದ ಚಕ್ರದ ಗೂಡಿಗೋ ಬಂಪರಿನ ಹಿಂದಕ್ಕೋ ಹೋಗುತ್ತವೆ. ಅಡಿಕೆ ತೋಟದ ಬಸಿಗಾಲುವೆ ಮಾಡುವ ಕೆಲಸವೇ ಇದು. ಬಸಿಗಾಲುವೆ ಕಟ್ಟಿದರೆ ನೀರು ಬುಡದಲ್ಲೇ ನಿಲ್ಲುತ್ತದೆ, ಪೈಪು ಕಟ್ಟಿದರೆ ಟ್ರೇ ತುಂಬಿ ಚಾವಣಿಯೊಳಗೆ ಹರಿಯುತ್ತದೆ.

ನಮ್ಮ ಕಡೆ ಈ ಪೈಪು ಕಟ್ಟಲು ಕಾರಣ ಹುಡುಕಿಕೊಂಡು ಹೋಗಬೇಕಿಲ್ಲ. ಅಡಿಕೆ ಮರದ ಕೆಳಗೆ ನಿಲ್ಲಿಸಿದರೆ ಹಿಂಗಾರದ ಹೂವು ಉದುರುತ್ತದೆ, ಹುಣಸೆ, ಬೇವು, ಹೊಂಗೆಯಡಿ ಸಣ್ಣ ಎಲೆ. ಮೆಕ್ಕೆಜೋಳ ಬಿಡಿಸುವ ಕಾಲಕ್ಕೆ ಹೊಟ್ಟು, ಜಗಳೂರಿನ ಕಡೆ ಓಡಾಡಿದರೆ ಕೆಮ್ಮಣ್ಣಿನ ಧೂಳು. ಒಣಗಿರುವವರೆಗೆ ಇವುಗಳಿಂದ ತೊಂದರೆಯಿಲ್ಲ. ಮೊದಲ ಮಳೆಗೆ ಎಲ್ಲ ಸೇರಿ ಕೆಸರಾಗಿ ತೂತಿನ ಬಾಯಲ್ಲಿ ಕೂರುತ್ತದೆ.

ಹಾಗೆಂದು ಒದ್ದೆಯಾದದ್ದೆಲ್ಲ ಸನ್‌ರೂಫಿನ ನೀರು ಎಂದುಕೊಳ್ಳಬೇಡಿ. ಮಳೆಯಿಲ್ಲದ ದಿನ, ಎ.ಸಿ. ಹಾಕಿಕೊಂಡು ಓಡಿಸಿದ ಮೇಲೆ ಮುಂದಿನ ಸೀಟಿನ ಕಾಲಡಿ ಒದ್ದೆಯಾದರೆ ಅದು ಎ.ಸಿ. ನೀರಿನ ಪೈಪು ಕಟ್ಟಿದ್ದರ ಗುರುತು. ನೀರು ಅಂಟಂಟಾಗಿ, ಸಿಹಿ ವಾಸನೆ ಬಂದರೆ ಕೂಲಂಟ್, ಮೆಕ್ಯಾನಿಕ್ ಹತ್ತಿರ ತಡಮಾಡದೆ ಹೋಗಿ. ವೈಪರ್ ಬುಡದಲ್ಲಿ ಎಲೆ ತುಂಬಿದ್ದರೂ ಮುಂದೆ ನೀರು ಇಳಿಯುತ್ತದೆ. ಚಾವಣಿ ಬಟ್ಟೆ ಒದ್ದೆಯಾಗಿದ್ದರೆ ಮಾತ್ರ ಅನುಮಾನ ನೇರವಾಗಿ ಮೇಲಕ್ಕೆ ಹೋಗಲಿ. ಆಗಲೂ ಮೇಲಿನ ಕ್ಯಾರಿಯರ್ ರೈಲಿನ ಬೋಲ್ಟುಗಳನ್ನು, ಇತ್ತೀಚೆಗೆ ಬದಲಿಸಿದ್ದರೆ ಮುಂಗಾಜಿನ ಅಂಚನ್ನು ಒಮ್ಮೆ ನೋಡಿ.

ಒಂದು ಲೋಟ ನೀರಿನ ಪರೀಕ್ಷೆ

ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಸನ್‌ರೂಫ್ ಪೂರ್ತಿ ತೆರೆದು, ಟ್ರೇಯನ್ನೂ ರಬ್ಬರನ್ನೂ ಒದ್ದೆ ಬಟ್ಟೆಯಿಂದ ಒರೆಸಿ. ಕಸವನ್ನು ತೂತಿನ ಕಡೆ ತಳ್ಳದೆ ಎತ್ತಿ ತೆಗೆಯಿರಿ. ಟಾರ್ಚ್ ಬಿಟ್ಟು ಮುಂದಿನ ಎರಡು ಮೂಲೆಗಳ ತೂತು ಹುಡುಕಿ. ಒಬ್ಬರು ಮೇಲಿಂದ ಒಂದು ಮೂಲೆಗೆ ಒಂದು ಲೋಟ ನೀರನ್ನು ನಿಧಾನವಾಗಿ ಸುರಿಯಲಿ, ಇನ್ನೊಬ್ಬರು ಅದೇ ಬದಿಯ ಚಕ್ರದ ಹತ್ತಿರ ಕೂತು ನೋಡಲಿ. ಕೆಲವೇ ಕ್ಷಣಗಳಲ್ಲಿ ಕೆಳಗೆ ನೀರು ಧಾರೆಯಾಗಿ ಬಂದರೆ ಆ ಪೈಪು ಸರಿಯಿದೆ. ತೊಟ್ಟಿಕ್ಕಿದರೆ ಅರ್ಧ ಕಟ್ಟಿದೆ. ಟ್ರೇಯಲ್ಲೇ ನಿಂತರೆ ಪೂರ್ತಿ ಕಟ್ಟಿದೆ, ಅಲ್ಲಿಗೆ ಸುರಿಯುವುದನ್ನು ನಿಲ್ಲಿಸಿ. ಟ್ರೇಯಿಂದ ನೀರು ಇಳಿದರೂ ಕೆಳಗೆ ಬಾರದೆ ಒಳಗಿನ ಕಾರ್ಪೆಟ್ ಒದ್ದೆಯಾದರೆ ಪೈಪು ಎಲ್ಲೋ ಕಳಚಿದೆ ಅಥವಾ ಹರಿದಿದೆ.

ಪ್ಯಾನೊರಮಿಕ್ ಗಾಜಿನಲ್ಲಿ ಹಿಂದಿನ ತೂತುಗಳು ಕೈಗೆ ಸಿಗುವುದಿಲ್ಲ. ಮುಂದಿನವು ಸರಿಯಿದ್ದೂ ಹಿಂದಿನ ಸೀಟಿನ ಮೇಲೆ ಅಥವಾ ಡಿಕ್ಕಿಯಲ್ಲಿ ಒದ್ದೆಯಿದ್ದರೆ ಗಾಡಿಯ ಮೂತಿ ಮೇಲಾಗುವಂತೆ ಸಣ್ಣ ಏರಿನಲ್ಲಿ ನಿಲ್ಲಿಸಿ ಟ್ರೇಗೆ ನೀರು ಬಿಡಿ, ನೀರು ಹಿಂದಕ್ಕೆ ಹರಿಯುತ್ತದೆ.

ಕಟ್ಟಿದ್ದನ್ನು ಬಿಡಿಸುವುದು

ಇದಕ್ಕೆ ಬೇಕಾದ ಸಾಮಾನು ತೋಟದವರ ಮನೆಯಲ್ಲೇ ಇರುತ್ತದೆ: ಕಳೆ ಕೊಚ್ಚುವ ಮೆಷಿನ್ನಿನ ನೈಲಾನ್ ದಾರ. ದುಂಡನೆಯ, ಎರಡು ಮಿ.ಮೀ. ಆಸುಪಾಸಿನದನ್ನು ಆರಿಸಿ, ತುದಿಯನ್ನು ಬೆಂಕಿಗೆ ತೋರಿಸಿ ಮೊಂಡು ಮಾಡಿ. ತೂತಿನೊಳಗೆ ತಿರುಗಿಸುತ್ತ ಮೆಲ್ಲಗೆ ಬಿಡಿ. ತಡೆ ಸಿಕ್ಕಲ್ಲಿ ಹಿಂದೆಮುಂದೆ ಆಡಿಸಿ, ಗುದ್ದಬೇಡಿ. ತುಸು ಬಿಸಿನೀರು ಬಿಟ್ಟರೆ ಮಣ್ಣು ಮೆತ್ತಗಾಗುತ್ತದೆ. ಕಟ್ಟುವ ತಂತಿ, ಸೈಕಲ್ ಕಡ್ಡಿ ಹಾಕಿದರೆ ಪೈಪು ತೂತಾಗುತ್ತದೆ, ಆ ತೂತು ಕಂಬದೊಳಗೆ ಎಲ್ಲಿದೆ ಎಂದು ಕಾಣುವುದೂ ಇಲ್ಲ.

ಅದಕ್ಕಿಂತ ಹೆಚ್ಚು ಹಾನಿ ಮಾಡುವುದು ಪಂಕ್ಚರ್ ಅಂಗಡಿಯ ಕಂಪ್ರೆಸರ್. ಪೂರ್ತಿ ಒತ್ತಡದ ಗಾಳಿ ಬಿಟ್ಟರೆ ಕಸ ಹೋಗುವ ಮೊದಲೇ ಪೈಪು ಟ್ರೇಯ ಮೂತಿಯಿಂದ ಕಳಚಿಕೊಳ್ಳಬಹುದು. ಆಗ ತೂತು ಸ್ವಚ್ಛವಾದಂತೆ ಕಂಡರೂ ಪ್ರತಿ ಹನಿಯೂ ಒಳಗೇ ಬೀಳುತ್ತದೆ. ಬಾಯಿಂದ ಊದುವಷ್ಟು ಗಾಳಿ ಸಾಕು. ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಕೆಳಗಿನ ತುದಿಯಿಂದ ಎಳೆಸುವುದು ಇನ್ನೂ ಕ್ಷೇಮ.

ಕೆಳತುದಿಯನ್ನು ಎಷ್ಟೋ ಜನ ನೋಡುವುದೇ ಇಲ್ಲ. ಅನೇಕ ಗಾಡಿಗಳಲ್ಲಿ ಅಲ್ಲಿ ಬಾತುಕೋಳಿಯ ಕೊಕ್ಕಿನ ಆಕಾರದ ರಬ್ಬರ್ ಇರುತ್ತದೆ. ಹುಳು, ಧೂಳು ಒಳಗೆ ಹೋಗದಿರಲೆಂದು ಇಟ್ಟ ಆ ಸಣ್ಣ ಸೀಳಿನಲ್ಲೇ ಕೆಸರು ಗಟ್ಟಿಯಾಗುತ್ತದೆ. ಬೆರಳಲ್ಲಿ ಹಿಚುಕಿ ಬಾಯಿ ಬಿಡಿಸಿದರೆ ಕಪ್ಪು ನೀರು ಬುಳಕ್ಕನೆ ಬರುತ್ತದೆ, ಅಲ್ಲಿಗೆ ಅರ್ಧ ಕೆಲಸ ಮುಗಿದಂತೆ. ಆಮೇಲೆ ಲೋಟದ ಪರೀಕ್ಷೆಯನ್ನು ಮತ್ತೆ ಮಾಡಿ.

ಪೈಪು ಕಳಚಿದ್ದು ಖಚಿತವಾದರೆ ಕಂಬದ ಹೊದಿಕೆಯನ್ನು ಮನೆಯಲ್ಲಿ ಕೀಳಬೇಡಿ. ಅದರ ಹಿಂದೆಯೇ ಕರ್ಟನ್ ಏರ್‌ಬ್ಯಾಗ್ ಇರುತ್ತದೆ, ಬ್ಯಾಟರಿ ಕಳಚದೆ ಕೈ ಹಾಕುವುದು ಅಪಾಯ. ಗಾಜಿನ ಎತ್ತರ ಸರಿಪಡಿಸುವುದೂ ತಿಳಿದವರ ಕೆಲಸ. ರಬ್ಬರಿಗೆ ಸೀಮೆಎಣ್ಣೆ, ಡೀಸೆಲ್ ಹಚ್ಚಿದರೆ ಉಬ್ಬಿ ಹಾಳಾಗುತ್ತದೆ. ರಬ್ಬರಿಗೆಂದೇ ಸಿಗುವ ಸಿಲಿಕೋನ್ ಗ್ರೀಸನ್ನು ತೆಳ್ಳಗೆ ಸವರಿ. ವಾಟರ್ ಸರ್ವಿಸ್ ಮಾಡಿಸುವಾಗ ಪೈಪಿನ ಜೋರು ಧಾರೆಯನ್ನು ಗಾಜಿನ ಅಂಚಿಗೆ ಹಿಡಿಯದಂತೆ ಹುಡುಗರಿಗೆ ಹೇಳಿ. 2023ರಲ್ಲಿ ಜಲಪಾತದಡಿ ನಿಲ್ಲಿಸಿದ ಸ್ಕಾರ್ಪಿಯೊ-ಎನ್ ಒಳಗೆ ನೀರು ಸುರಿದ ವಿಡಿಯೊ ದೇಶದ ತುಂಬ ಹರಿದಾಡಿತ್ತು, ಮಹೀಂದ್ರಾ ಕಂಪನಿ ಜಲಪಾತದಡಿ ಗಾಡಿ ನಿಲ್ಲಿಸಿ ಸೋರುವುದಿಲ್ಲವೆಂದು ತೋರಿಸಿತು. ಯಾರ ವಾದ ಏನೇ ಇರಲಿ, ಟ್ರೇ ಇರುವುದು ಮಳೆಗೆ.

ಸೋರಿಕೆ ನಿಂತ ಮೇಲೆ ಒಣಗಿಸುವುದು ಬಾಕಿ. ಕಾರ್ಪೆಟ್ ಮೇಲೆ ಒಣಗಿದಂತಿದ್ದರೂ ಕೆಳಗಿನ ಫೋಮ್ ವಾರಗಟ್ಟಲೆ ನೀರು ಹಿಡಿದಿರುತ್ತದೆ. ಐಷಾರಾಮಿ ಗಾಡಿಗಳಲ್ಲಿ ಸೀಟಿನಡಿಯಲ್ಲೂ ಡಿಕ್ಕಿಯ ತಳದಲ್ಲೂ ವೈರಿಂಗ್, ಎಲೆಕ್ಟ್ರಾನಿಕ್ ಪೆಟ್ಟಿಗೆಗಳಿರುತ್ತವೆ. ಬಿಎಂಡಬ್ಲ್ಯು ಎಕ್ಸ್5ರ ಹಳೆಯ ಮಾದರಿಗಳಲ್ಲಿ ಹಿಂದಿನ ಪೈಪು ಕಟ್ಟಿ ಇವೇ ಹಾಳಾಗುವುದು ಮೆಕ್ಯಾನಿಕ್‌ಗಳಿಗೆ ಪರಿಚಿತ ದೂರು. ಅದರ ಖರ್ಚಿನ ಮುಂದೆ ನೈಲಾನ್ ದಾರದ ಬೆಲೆ ಏನೂ ಅಲ್ಲ. ಕಾರ್ಪೆಟ್ ಎತ್ತಿಸಿ, ಬಾಗಿಲು ತೆರೆದು ಬಿಸಿಲಿಗೆ ನಿಲ್ಲಿಸಿ.

ಮೇ ತಿಂಗಳ ಮಧ್ಯದಲ್ಲಿ ಒಮ್ಮೆ, ಜೋಳದ ಸುಗ್ಗಿ ಮುಗಿದ ಮೇಲೆ ಒಮ್ಮೆ ಲೋಟದ ಪರೀಕ್ಷೆ ಮಾಡಿಕೊಳ್ಳಿ. ಬೆಂಗಳೂರಿನಿಂದ ಹಳೆಯ ಎಸ್‌ಯುವಿ ತರುವವರಂತೂ ಮುಂಗಡ ಕೊಡುವ ಮೊದಲೇ ಸ್ಟೆಪ್ನಿ ಎತ್ತಿಸಿ ಅದರ ಗುಂಡಿ ನೋಡಬೇಕು, ಚಾವಣಿ ಬಟ್ಟೆಯ ನಾಲ್ಕೂ ಮೂಲೆ ಮುಟ್ಟಿ ನೋಡಬೇಕು. ಮಾರುವವರು ಟ್ರೇಗೆ ನೀರು ಬಿಡಲು ಒಪ್ಪದಿದ್ದರೆ ಬೇರೆ ಗಾಡಿ ನೋಡಿ.