ಇಬ್ಬನಿ ಎಲ್ಲಿಂದ ಬಂತು?

ಎಳ್ಳ ಅಮಾವಾಸ್ಯೆಗೆ ಇನ್ನೂ ಮೂರು ವಾರ ಇತ್ತು. ಥಂಡಿ ಶುರುವಾಗಿತ್ತು. ಗದಗ ಸೀಮೆಯ ಎರೆಹೊಲಗಳಲ್ಲಿ ಕಡಲೆ ಬೆಳೆ ಹಸಿರಾಗಿ ಹಬ್ಬಿತ್ತು.

ನಮ್ಮ ಅಕ್ಷರ ಕೇಂದ್ರಕ್ಕೆ ಬರುವ ತಾಯಿಯೊಬ್ಬಳು ಬೆಳಗ್ಗೆ ಹೊಲಕ್ಕೆ ಹೋದಳು. ಪಲ್ಯಕ್ಕೆ ಕಡಲೆ ಕುಡಿ ಚಿವುಟಬೇಕಿತ್ತು. ಎಂಟು ವರ್ಷದ ಮಗಳೂ ಜೊತೆಗೆ ಹೋದಳು. ನಾಲ್ಕು ಹೆಜ್ಜೆ ಇಡುವುದರೊಳಗೆ ಮಗಳ ಲಂಗದ ಅಂಚು ತೊಯ್ದು ಹೋಯಿತು.

"ಅವ್ವಾ, ರಾತ್ರಿ ಮಳಿ ಬಂದಿತ್ತೇನ?"

"ಮಳಿ ಅಲ್ಲ ಯವ್ವಾ, ಇಬ್ಬನಿ."

"ಇಬ್ಬನಿ ಎಲ್ಲಿಂದ ಬರತೈತಿ?"

"ನನಗೇನ ಗೊತ್ತು? ನಾ ಏನ ಸಾಲಿ ಕಲಿತಾಕೇನ? ನಿಮ್ಮ ಅಕ್ಕೋರನ್ನ ಕೇಳ ಹೋಗು."

ಮಗಳು ಶಾಲೆಗೆ ಬಂದು ನನ್ನನ್ನು ಕೇಳಿದಳು. ನಾನು ಪುಸ್ತಕದ ಮಾತು ಹೇಳಿದೆ. "ಗಾಳಿಯಲ್ಲಿರುವ ನೀರಾವಿ ತಂಪಾಗಿ ಹನಿಯಾಗುತ್ತದೆ. ಅದೇ ಇಬ್ಬನಿ." ಐದು ಸಲ ಬರೆಸಿದೆ. ನನ್ನ ಕೆಲಸ ಮುಗಿಯಿತು ಅಂದುಕೊಂಡೆ.

ಸಂಜೆ ಕೇಂದ್ರದಲ್ಲಿ ತಾಯಿ ಹೇಳಿದಳು: "ಅಕ್ಕೋರ, ನಿಮ್ಮ ಮಾತು ಈಕಿಗೆ ಬಾಯಿಪಾಠ ಆಗೇತ್ರಿ. ಆದರ ತಿಳಿದಿಲ್ಲ."

ನನಗೆ ನಾಚಿಕೆಯಾಯಿತು. ಆಕೆ ಹೇಳಿದ್ದು ಖರೆ. ನಾನು ಮಗುವಿಗೆ ಇಬ್ಬನಿಯನ್ನು ತೋರಿಸಿಯೇ ಇರಲಿಲ್ಲ.

"ಇಬ್ಬನಿ ದಿನಾ ಬೀಳತೈತೇನ್ರಿ?" ಎಂದು ನಾನೇ ತಾಯಿಯನ್ನು ಕೇಳಿದೆ.

"ಇಲ್ಲರಿ. ಮೋಡ ಕವಿದ ರಾತ್ರಿ ಬೀಳಂಗಿಲ್ಲ. ಗಾಳಿ ಜೋರ ಬಿಟ್ಟರೂ ಬೀಳಂಗಿಲ್ಲ. ಮುಗಿಲು ಸ್ವಚ್ಛ ಇದ್ದು, ಗಾಳಿ ನಿಂತ ರಾತ್ರಿ ಭಾಳ ಬೀಳತೈತಿ."

"ಇದನ್ನ ಯಾರು ಕಲಿಸಿದರು?"

"ಯಾರು ಕಲಸ್ತಾರ್ರಿ? ನೋಡಿ ನೋಡಿ ಗೊತ್ತಾಗೇತಿ."

ನನಗೆ ಗೊತ್ತಿರದ ಮಾತು ಆಕೆಗೆ ಗೊತ್ತಿತ್ತು. ಆದರೂ ಮಗಳ ಮುಂದೆ "ನನಗೇನ ಗೊತ್ತು" ಅಂದಿದ್ದಳು! ಅಂದೇ ಮೂವರೂ ಕೂಡಿ ಪರೀಕ್ಷೆ ಮಾಡಿದೆವು.

ತಾಯಿಯ ಪಾಟಿಯನ್ನು ಅಂಗಳದಲ್ಲಿ, ಬಯಲಿಗೆ, ಕಣಕಿಯ ಮೇಲೆ ಇಟ್ಟೆವು. ಮಗಳ ಪಾಟಿಯನ್ನು ಪಡಸಾಲೆಯಲ್ಲಿ, ಮಾಡಿನ ಕೆಳಗೆ ಇಟ್ಟೆವು. ಬೆಳಗ್ಗೆ ನೋಡಿದರೆ ತಾಯಿಯ ಪಾಟಿ ಒದ್ದೆ. ಮಗಳ ಪಾಟಿ ಒಣಗಿತ್ತು.

"ನೋಡ್ರಿ, ಇಬ್ಬನಿ ಮ್ಯಾಲಿಂದ ಬಿದ್ದೈತಿ. ಅದಕ್ಕ ಒಳಗ ಬಿದ್ದಿಲ್ಲ" ಎಂದಳು ಮಗಳು. ಮಗು ಅಂದದ್ದು ತಪ್ಪು ಅನ್ನಲು ನನಗೆ ಬಾಯಿ ಬರಲಿಲ್ಲ. ಕಣ್ಣಿಗೆ ಕಂಡದ್ದು ಹಾಗೇ ಇತ್ತು.

ಮರುದಿನ ಇನ್ನೊಂದು ಪರೀಕ್ಷೆ. ಗೊಬ್ಬರ ಚೀಲದ ಒಳಗಿನ ಪ್ಲಾಸ್ಟಿಕ್ ಹಾಳೆಯನ್ನು ತೊಳೆದು, ಅಂಗಳದ ಹಸಿ ಮಣ್ಣಿನ ಮೇಲೆ ನಾಲ್ಕು ಕಲ್ಲಿಟ್ಟು ಹಾಸಿದೆವು. ಬೆಳಗ್ಗೆ ಹಾಳೆಯ ಮೇಲೂ ಹನಿ, ಕೆಳಗೂ ಹನಿ! ಮೇಲಿಂದ ಬಿದ್ದ ನೀರು ಕೆಳಗೆ ಹೇಗೆ ಅಂಟೀತು? ಮಗಳು ಹಾಳೆಯನ್ನು ತಿರುವಿ ತಿರುವಿ ನೋಡಿದಳು.

ತಾಯಿ ಅಂದಳು: "ಅನ್ನದ ಗಡಿಗಿ ಮುಚ್ಚಳ ತೆಗೆದಂಗ ಆತು. ಮುಚ್ಚಳದ ಒಳಗ ಹನಿ ಇರತಾವಲ್ಲ?"

ಹೌದು. ಅನ್ನದ ಉಗಿ ಮುಚ್ಚಳಕ್ಕೆ ತಾಗಿ ಹನಿಯಾಗುತ್ತದೆ. ಗಾಳಿಯಲ್ಲೂ ಕಣ್ಣಿಗೆ ಕಾಣದ ಉಗಿ ಇರುತ್ತದೆ. ಹಗಲು ಬಿಸಿಲಿಗೆ ಕಾದ ನೆಲ, ಎಲೆ, ಕಲ್ಲು ರಾತ್ರಿ ತಮ್ಮ ಕಾವನ್ನು ಮುಗಿಲಿನ ಕಡೆಗೆ ಬಿಟ್ಟು ತಣ್ಣಗಾಗುತ್ತವೆ. ತಣ್ಣಗಾದ ಎಲೆಗೆ ಉಗಿ ತಾಗಿದರೆ ಹನಿ ಮೂಡುತ್ತದೆ. ಮೋಡ ಇದ್ದರೆ ಅದು ಭೂಮಿಗೆ ಕಂಬಳಿ ಹೊದಿಸಿದ ಹಾಗೆ. ಕಾವು ಪೂರ್ತಿ ಹೋಗುವುದಿಲ್ಲ, ಇಬ್ಬನಿಯೂ ಕಡಿಮೆ. ಪಡಸಾಲೆಯ ಮಾಡೂ ಅಂಥದೇ ಕಂಬಳಿ. ಅದಕ್ಕೇ ಮಗಳ ಪಾಟಿ ಒಣಗಿತ್ತು.

ಕಡಲೆ ಹೊಲದ ಇಬ್ಬನಿಗೆ ಇನ್ನೊಂದು ಗುಣ ಇದೆ. ಅದು ಹುಳಿ. ಕಡಲೆ ಎಲೆಯ ಸಣ್ಣ ಸಣ್ಣ ಕೂದಲುಗಳು ಹುಳಿ ರಸ ಸೂಸುತ್ತವೆ. ಆ ರಸ ಇಬ್ಬನಿಯಲ್ಲಿ ಬೆರೆಯುತ್ತದೆ. ಹಿಂದಿನವರು ರಾತ್ರಿ ಬೆಳೆಯ ಮೇಲೆ ಬಿಳಿ ಅರಿವೆ ಹಾಸುತ್ತಿದ್ದರು. ಬೆಳಗ್ಗೆ ಅದನ್ನು ಹಿಂಡಿ ಕಡಲೆ ಹುಳಿ ತೆಗೆಯುತ್ತಿದ್ದರು. ಹೊಟ್ಟೆನೋವಿಗೆ ಅದೇ ಮನೆಮದ್ದು. ಮಕ್ಕಳಿಗೆ ಎಲೆ ನೆಕ್ಕಿ ನೋಡುವ ಆಸೆ. ಆದರೆ ಈಗ ಕಡಲೆಗೆ ಕೀಟನಾಶಕ ಹೊಡೆಯುತ್ತೇವೆ. ಔಷಧಿ ಹೊಡೆದ ಹೊಲದ ಎಲೆಯನ್ನು ಮಕ್ಕಳ ಬಾಯಿಗೆ ಹೋಗಗೊಡಬೇಡಿ. ಹುಳಿ ನೋಡಬೇಕಾದರೆ ಹಿತ್ತಲಲ್ಲಿ ಹಿಡಿ ಕಡಲೆ ಬಿತ್ತಿ ನೋಡಿರಿ.

ಹೊಲಕ್ಕೆ ಹೋದಾಗ ಮುಗಿಲನ್ನೂ ನೋಡಿರಿ. ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಬಿಳಿ ತಲೆ, ಅದರ ಮೇಲೆ ಎರಡು ಕರಿ ಪಟ್ಟೆ. ಅವುಗಳ ತವರು ಟಿಬೆಟ್, ಮಂಗೋಲಿಯಾ ಕಡೆ. ಅಲ್ಲಿ ಈಗ ಹಿಮ ಬಿದ್ದು ಕೆರೆಗಳು ಗಡ್ಡೆಕಟ್ಟುತ್ತವೆ, ಮೇವು ಸಿಗುವುದಿಲ್ಲ. ಅದಕ್ಕೆ ಹಿಮಾಲಯ ದಾಟಿ ನಮ್ಮ ಕಡೆ ಬಂದು, ಬೇಸಿಗೆ ಕಾಯುವ ಹೊತ್ತಿಗೆ ತಿರುಗಿ ಹೋಗುತ್ತವೆ. ಹಗಲು ಕೆರೆಯಲ್ಲಿ ವಿಶ್ರಾಂತಿ, ಹೊತ್ತು ಇಳಿದ ಮೇಲೆ ಹೊಲಗಳಲ್ಲಿ ಮೇವು. ಕಡಲೆ ಕುಡಿಯನ್ನೂ ತಿನ್ನುತ್ತವೆ. ಬೆಳೆದವರ ಸಂಕಟ ಬೆಳೆದವರಿಗೇ ಗೊತ್ತು. ಆದರೂ ಅಲ್ಲಿಯ ಜನ ಅವನ್ನು ಬಾಳಗೊಟ್ಟಿದ್ದಾರೆ. 2024ರಲ್ಲಿ ಮಾಗಡಿ ಕೆರೆ ರಾಮ್ಸಾರ್ ಪಟ್ಟಿಗೆ ಸೇರಿತು. ಜಗತ್ತಿನ ಮುಖ್ಯ ಕೆರೆ, ಜೌಗು ನೆಲಗಳ ಪಟ್ಟಿ ಅದು.

ತಾಯಿ, ಮಗಳು ಈಗ ದಿನವೂ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾರೆ. ಇಬ್ಬನಿ ಬಿದ್ದ ದಿನ ಸೊನ್ನೆ, ಬೀಳದ ದಿನ ಅಡ್ಡಗೆರೆ. ಮೋಡ ಇತ್ತೋ ಇಲ್ಲವೋ ಎಂದು ತಾಯಿ ಪಕ್ಕದಲ್ಲೇ ಬರೆಯುತ್ತಾಳೆ. "ಮೋಡ" ಎಂದು ಬರೆಯಲು ಮೊದಲು ಮಗಳನ್ನು ಕೇಳುತ್ತಿದ್ದಳು. ಈಗ ಕೇಳುವುದಿಲ್ಲ.

ಮೊನ್ನೆ ಮಗಳು ಹೊಸ ಪ್ರಶ್ನೆ ತಂದಳು: "ಎಮ್ಮಿ ರಾತ್ರಿಯೆಲ್ಲಾ ಬಯಲಾಗ ಮಲಗಿತ್ತು. ಸುತ್ತಲಿನ ಹುಲ್ಲು ತೊಯ್ದೈತಿ. ಎಮ್ಮಿ ಬೆನ್ನು ಯಾಕ ತೊಯ್ದಿಲ್ಲ?"

ಈ ಸಲ ತಾಯಿ "ನಿಮ್ಮ ಅಕ್ಕೋರನ್ನ ಕೇಳು" ಅನ್ನಲಿಲ್ಲ. "ಬಾ, ಬೆನ್ನು ಮುಟ್ಟಿ ನೋಡೂಣು" ಅಂದಳು.

ನೀವೇನು ಹೇಳುತ್ತೀರಿ? ಕೇಂದ್ರದಲ್ಲಿ ಮಾತಾಡಿರಿ.