ಇಂಗ್ಲಿಷಿನ ಭೂತಕಾಲ: ಮಕ್ಕಳೊಂದಿಗೆ ಮಾಡಬಹುದಾದ ಕೆಲವು ಅಭ್ಯಾಸಗಳು

ವಿದ್ಯಾರ್ಥಿವೇತನದ ಸಂದರ್ಶನದಲ್ಲಿ ಒಬ್ಬ ಹುಡುಗಿಗೆ ತಂದೆಯ ಉದ್ಯೋಗವೇನೆಂದು ಇಂಗ್ಲಿಷಿನಲ್ಲಿ ಕೇಳಿದೆವು. ‘ಮೈ ಫಾದರ್ ಡ್ರೈವ್ಸ್ ಆಟೋ’ ಎಂದಳು. ‘ತಂದೆ ಆಟೋ ಚಾಲಕ, ದುಡಿಮೆ ಇದೆ’ ಎಂದು ಬರೆದುಕೊಂಡೆವು. ಅವಳ ಹೆಸರು ಪಟ್ಟಿಯಲ್ಲಿ ಕೆಳಗಿಳಿಯಿತು. ಆಮೇಲೆ ದಾಖಲೆ ನೋಡುವಾಗ ಆದಾಯ ಪ್ರಮಾಣಪತ್ರ ತಾಯಿಯ ಹೆಸರಿನಲ್ಲಿತ್ತು. ವಿಚಾರಿಸಿದರೆ, ತಂದೆ ತೀರಿಕೊಂಡು ಎರಡು ವರ್ಷವಾಗಿತ್ತು. ಹೆಸರನ್ನು ಮೇಲಕ್ಕೆ ತಂದೆವು. ‘ಡ್ರೋವ್’ ಎಂಬ ಪದ ಆ ಹೊತ್ತಿಗೆ ಅವಳಿಗೆ ಒದಗಲಿಲ್ಲವೋ, ತಂದೆಯನ್ನು ಕಳೆದ ಕಾಲಕ್ಕೆ ಸೇರಿಸಲು ಮನಸ್ಸಾಗಲಿಲ್ಲವೋ, ನಾವು ಕೇಳಲಿಲ್ಲ. ತಪ್ಪು ನಮ್ಮದೇ, ಮನೆಯ ವಿಷಯವನ್ನು ಮಗುವಿಗೆ ಒಗ್ಗುವ ಭಾಷೆಯಲ್ಲಿ ಕೇಳಬೇಕಿತ್ತು. ಈಗ ಹಾಗೆಯೇ ಕೇಳುತ್ತೇವೆ. ಆದರೆ ಮುಂದೆ ಕಾಲೇಜಿನಲ್ಲಿ, ಕೆಲಸದ ಸಂದರ್ಶನದಲ್ಲಿ ಎಲ್ಲರೂ ಹಾಗೆ ಕೇಳುವುದಿಲ್ಲ. ಅದಕ್ಕಾಗಿ ತರಗತಿಯಲ್ಲಿ ನಮಗೆ ಕೈಹಿಡಿದ ಕೆಲವು ಅಭ್ಯಾಸಗಳನ್ನು ಇಲ್ಲಿ ಬರೆಯುತ್ತಿದ್ದೇವೆ.

ನಮ್ಮ ಮಕ್ಕಳ ಮೊದಲ ತಪ್ಪು ‘ಐ ಡಿಡ್ ನಾಟ್ ವೆಂಟ್’. ಮನೆಯಲ್ಲಿ ಉರ್ದು ಆಡುವ ಮಗುವಿಗೆ ಇದು ಸಹಜ. ಅಲ್ಲಿ ‘ಗಯಾ’ ಎಂಬುದು ‘ನಹೀಂ ಗಯಾ’ ಎಂದಾದರೂ ‘ಗಯಾ’ ಹಾಗೇ ಉಳಿಯುತ್ತದೆ. ಇಲ್ಲಿ ನೆರವಿಗೆ ಬರುವುದು ಕನ್ನಡ. ‘ಹೋದೆ’ ಎನ್ನುವ ನಾವು ‘ಹೋದೆನಲಿಲ್ಲ’ ಎನ್ನುವುದಿಲ್ಲ, ‘ಹೋಗಲಿಲ್ಲ’ ಎನ್ನುತ್ತೇವೆ. ಕಾಲದ ಹೊರೆಯನ್ನು ‘ಇಲ್ಲ’ ಹೊತ್ತುಕೊಂಡ ಮೇಲೆ ‘ಹೋಗು’ ಮರಳಿ ಬರುತ್ತದೆ. ಇಂಗ್ಲಿಷಿನಲ್ಲಿ ಆ ಹೊರೆ ‘ಡಿಡ್’ನದು, ಆದ್ದರಿಂದ ‘ವೆಂಟ್’ ಹೋಗಿ ‘ಗೋ’ ಬರುತ್ತದೆ. ಹಳೆಯ ಮದುವೆ ಕರೆಯೋಲೆಗಳ ಹಿಂಬದಿಯಲ್ಲಿ ‘ಬಂದೆ–ಬರಲಿಲ್ಲ’, ‘ತಿಂದೆ–ತಿನ್ನಲಿಲ್ಲ’, ‘ಕೊಟ್ಟೆ–ಕೊಡಲಿಲ್ಲ’ ಎಂದು ಬರೆಯಿರಿ. ‘ಕೇಮ್–ಡಿಡ್ ನಾಟ್ ಕಮ್’, ‘ಏಟ್–ಡಿಡ್ ನಾಟ್ ಈಟ್’, ‘ಗೇವ್–ಡಿಡ್ ನಾಟ್ ಗಿವ್’ ಚೀಟಿಗಳನ್ನು ಮಕ್ಕಳೇ ಜೋಡಿಸಲಿ. ಪ್ರಶ್ನೆಗೆ ಮಾತ್ರ ಈ ಹೋಲಿಕೆ ನಡೆಯದು. ಕನ್ನಡದಲ್ಲಿ ‘ಹೋದೆಯಾ?’ ಎನ್ನುತ್ತೇವೆ, ಇಂಗ್ಲಿಷಿನಲ್ಲಿ ‘ಡಿಡ್ ಯು ಗೋ?’ ಅದನ್ನು ಬೇರೆಯಾಗಿಯೇ ಕಲಿಸಬೇಕು.

ಎರಡನೆಯ ತೊಡಕು ‘ಹ್ಯಾಡ್’. ‘ನಿನ್ನೆ ಮೈಸೂರಿಗೆ ಹೋಗಿದ್ದೆ’ ಎಂಬ ಒಳ್ಳೆಯ ಕನ್ನಡ ‘ಐ ಹ್ಯಾಡ್ ಗಾನ್ ಟು ಮೈಸೂರ್ ಯೆಸ್ಟರ್‌ಡೇ’ ಎಂಬ ತಪ್ಪು ಇಂಗ್ಲಿಷಾಗುತ್ತದೆ. ‘ಗಯಾ ಥಾ’ ಕೂಡ ಅಲ್ಲಿಗೇ ಒಯ್ಯುತ್ತದೆ. ಅಂಗಳದಲ್ಲಿ ಒಂದು ಹಗ್ಗ ಹಾಸಿ, ಒಂದು ತುದಿಗೆ ‘ಈಗ’ ಎಂದು ಹೆಸರಿಡಿ. ಒಬ್ಬ ಹುಡುಗ ಬಸ್ಸು, ಇನ್ನೊಬ್ಬ ಪ್ರಯಾಣಿಕ. ಬಸ್ಸು ಹೊರಟ ಜಾಗದಲ್ಲಿ ಮೊದಲನೆಯವನು ನಿಲ್ಲಲಿ; ಪ್ರಯಾಣಿಕ ಬಂದ ಜಾಗ ಅದಕ್ಕಿಂತ ‘ಈಗ’ಕ್ಕೆ ಹತ್ತಿರ. ‘ವೆನ್ ಐ ರೀಚ್ಡ್ ದ ಸ್ಟಾಪ್, ದ ಬಸ್ ಹ್ಯಾಡ್ ಲೆಫ್ಟ್.’ ಹಗ್ಗದ ಮೇಲೆ ಒಬ್ಬನೇ ಇದ್ದರೆ ‘ಹ್ಯಾಡ್’ ಬೇಡ, ‘ಐ ವೆಂಟ್’ ಸಾಕು.

ಉಚ್ಚಾರಕ್ಕೆ ಹತ್ತು ನಿಮಿಷ ಸಾಕು. ಗಂಟಲಿನ ಮೇಲೆ ಬೆರಳಿಟ್ಟು ಕ್ರಿಯಾಪದದ ಕೊನೆಯ ಸದ್ದನ್ನು ಹೇಳಿಸಿ. ‘ಕುಕ್’ನಂತೆ ಅದುರದಿದ್ದರೆ ಕೊನೆಗೆ ‘ಟ್’, ‘ಕಾಲ್’ನಂತೆ ಅದುರಿದರೆ ‘ಡ್’. ‘ವೇಟ್’, ‘ನೀಡ್’ ಮುಂತಾಗಿ ಟ್ ಅಥವಾ ಡ್ ಸದ್ದಿನಲ್ಲಿ ಮುಗಿಯುವ ಪದಗಳಿಗೆ ಮಾತ್ರ ‘ಇಡ್’.

ಮಕ್ಕಳು ಮತ್ತೆ ಮತ್ತೆ ಕೇಳುವುದು ಕಳ್ಳನ ಆಟವನ್ನು. ನಿನ್ನೆ ಇಫ್ತಾರಿಗೆ ಇಟ್ಟ ಸಮೋಸದ ತಟ್ಟೆ ಮಾಯವಾಗಿದೆ. ಇಬ್ಬರ ಮೇಲೆ ಅನುಮಾನ. ಐದರಿಂದ ಏಳರವರೆಗೆ ತಾವಿಬ್ಬರೂ ಜೊತೆಯಲ್ಲೇ ಇದ್ದೆವೆಂದು ಅವರ ವಾದ. ಹೊರಗೆ ಹೋಗಿ ಕಥೆ ಹೊಂದಿಸಿಕೊಂಡು ಬರಲಿ. ತರಗತಿ ಒಬ್ಬೊಬ್ಬರನ್ನೇ ಕರೆದು ಪ್ರಶ್ನಿಸಲಿ: ‘ವೇರ್ ಡಿಡ್ ಯು ಗೋ?’ ‘ಹೂ ಪೇಯ್ಡ್?’ ‘ವಾಟ್ ವಾಸ್ ಹಿ ವೇರಿಂಗ್?’ ಉತ್ತರ ಹೊಂದದಿದ್ದರೆ ಸಿಕ್ಕಿಬಿದ್ದರು. ಆಟದ ನಡುವೆ ತಿದ್ದಬೇಡಿ. ನಾವು ಆರಂಭದ ವರ್ಷಗಳಲ್ಲಿ ವಾಕ್ಯಕ್ಕೊಮ್ಮೆ ತಿದ್ದಿ ತಿದ್ದಿ ಇಡೀ ತರಗತಿಯ ಬಾಯಿ ಮುಚ್ಚಿಸಿದ್ದುಂಟು. ಕೇಳಿದ ತಪ್ಪುಗಳನ್ನು ಗುರುತು ಹಾಕಿಕೊಂಡು, ಕೊನೆಗೆ ಮೂರನ್ನೇ ಹಲಗೆಯ ಮೇಲೆ ಬರೆಯಿರಿ, ಹೆಸರು ಹೇಳದೆ.

ಇಂಗ್ಲಿಷ್ ಬಾರದ ಮನೆಯವರೂ ಸೇರಬಹುದಾದ ಒಂದು ಪಾಠವಿದೆ. ಮಗು ಅಜ್ಜಿಯ ಬಳಿ ಕುಳಿತು, ಮನೆಮಾತಿನಲ್ಲೇ, ಅವರ ಬಾಲ್ಯದ ರಮಝಾನ್ ಹೇಗಿತ್ತು, ನೀರು ಎಲ್ಲಿಂದ ತರುತ್ತಿದ್ದರು, ಶಾಲೆ ಯಾವಾಗ ಬಿಟ್ಟರು ಎಂದು ಕೇಳಲಿ. ‘ತರುತ್ತಿದ್ದರು’ ಎಂಬ ರೂಢಿಯ ಮಾತಿಗೆ ‘ಯೂಸ್ಡ್ ಟು’. ‘ಬಿಟ್ಟರು’ ಎಂದು ಒಮ್ಮೆ ನಡೆದುದಕ್ಕೆ ಬರೀ ಭೂತಕಾಲ. ‘ಮೈ ಗ್ರ್ಯಾಂಡ್‌ಮದರ್ ಯೂಸ್ಡ್ ಟು ರೋಲ್ ಬೀಡೀಸ್ ಆಫ್ಟರ್ ಇಶಾ. ಶಿ ಲೆಫ್ಟ್ ಸ್ಕೂಲ್ ಇನ್ ದ ಫೋರ್ತ್ ಸ್ಟ್ಯಾಂಡರ್ಡ್’ ಎಂದು ಒಬ್ಬ ಹುಡುಗ ಬರೆದು ತಂದಿದ್ದ. ಅಜ್ಜಿ ನಾಲ್ಕನೆಯ ತರಗತಿಯವರೆಗೆ ಓದಿದ್ದರೆಂಬುದು ಅವನ ತಂದೆಗೂ ಅಂದೇ ತಿಳಿದದ್ದಂತೆ.

ಈ ಸಲ ಸಂದರ್ಶನಕ್ಕೆ ಬರುವ ಮಕ್ಕಳು ಇಂಥ ಐದು ವಾಕ್ಯಗಳನ್ನು ಅರ್ಜಿಯ ಜೊತೆ ತರಲಿ. ಅಜ್ಜಿ ಇಲ್ಲದಿದ್ದರೆ ಮನೆಯ ಯಾವ ಹಿರಿಯರಾದರೂ ಆದೀತು. ಇದಕ್ಕೆ ಅಂಕವಿಲ್ಲ, ತಪ್ಪಿದ್ದರೂ ಆಯ್ಕೆಗೆ ಅಡ್ಡಿಯಾಗುವುದಿಲ್ಲ.